ಗ್ರೀನ್ ಟೀ ಸೀರಮ್ ಕಂದು ಬಣ್ಣಕ್ಕೆ ತಿರುಗುತ್ತಿದೆ. ಎನ್‌ಕ್ಯಾಪ್ಸುಲೇಟ್ ಮಾಡಿದ (ಕವಚದೊಳಗೆ ಇಟ್ಟ) ಸಾರ ಹಾಕಿದರೆ ಸರಿಹೋಗುತ್ತಾ?

ಚಿಗುರು

ಎಲ್ಲರಿಗೂ ನಮಸ್ಕಾರ. ಮುಖಕ್ಕೆ ಹಚ್ಚುವ ಒಂದು ಸೀರಮ್ ಅನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸುತ್ತಿದ್ದೇನೆ. ಅದರಲ್ಲಿ ಶೇಕಡಾ 1ರಷ್ಟು ಗ್ರೀನ್ ಟೀ ಸಾರದ ಪುಡಿ ಇದೆ. ಮಾಡಿದ ದಿನ ತಿಳಿ ಹಳದಿ ಇರುತ್ತದೆ. ಕೆಲವೇ ವಾರಗಳಲ್ಲಿ ಕಡು ಕಂದು. ವಾಸನೆಯೂ ಒಂಥರಾ ಬದಲಾಗುತ್ತದೆ.

ಸಾಮಗ್ರಿ ಕೊಡುವವರನ್ನು ಕೇಳಿದೆ. ಮೂರು ಬಗೆ ತೋರಿಸಿದರು. ಒಂದು, ಲಿಪೋಸೋಮ್ (ಕೊಬ್ಬಿನ ಪೊರೆಯ ಸೂಕ್ಷ್ಮ ಚೀಲ) ಇರುವ ದ್ರವ. ಇನ್ನೊಂದು, ಮಾಲ್ಟೋಡೆಕ್ಸ್‌ಟ್ರಿನ್ ಜೊತೆ ಸ್ಪ್ರೇ ಡ್ರೈ ಮಾಡಿದ ಪುಡಿ. ಮತ್ತೊಂದು, ಕಣ್ಣಿಗೆ ಕಾಣುವಷ್ಟು ದೊಡ್ಡ ಆಲ್ಜಿನೇಟ್ ಮಣಿಗಳು. ಮೂರರ ಮೇಲೂ "ಎನ್‌ಕ್ಯಾಪ್ಸುಲೇಟೆಡ್" ಅಂತಲೇ ಬರೆದಿದೆ. ಯಾವುದನ್ನು ತೆಗೆದುಕೊಳ್ಳಲಿ?

ಸೀರಮ್‌ನಲ್ಲಿ ಇರುವುದು: ನೀರು, ಗ್ಲಿಸರಿನ್, ಕಾರ್ಬೋಮರ್ (ಟ್ರೈಎಥನಾಲಮೈನ್ ಹಾಕಿ ಗಟ್ಟಿ ಮಾಡಿದ್ದು), ಸುಗಂಧ ಬೆರೆಯಲು ಸ್ವಲ್ಪ ಪಾಲಿಸಾರ್ಬೇಟ್ 20, ಫಿನಾಕ್ಸಿಎಥನಾಲ್. ಪಿಎಚ್ 6.5ರ ಹತ್ತಿರ. ಪಾರದರ್ಶಕ ಗಾಜಿನ ಡ್ರಾಪರ್ ಬಾಟಲಿ.

ಅನುಮಾನಪ್ಪ

ಮೂರೂ ಬೇಡ. ಎನ್‌ಕ್ಯಾಪ್ಸುಲೇಶನ್ ಅಂದರೆ ಬೆಲೆ ಏರಿಸುವುದಕ್ಕೆ ಕಂಡುಕೊಂಡ ದಾರಿ ಅಷ್ಟೆ. ಚರ್ಮದ ಆಳಕ್ಕೆ ಇಳಿಯುತ್ತದೆ ಅಂತ ಬಣ್ಣದ ಚಿತ್ರ ಬರೆದು ತೋರಿಸುತ್ತಾರೆ. ಇಳಿದದ್ದನ್ನು ಯಾರು ನೋಡಿದ್ದಾರೆ ಸ್ವಾಮಿ?

ಹಳೇ ಬೀಕರ್

ಅನುಮಾನಪ್ಪನವರ ಮಾತಿಗೆ ಆಮೇಲೆ ಬರುತ್ತೇನೆ. ಅದರಲ್ಲಿ ಅರ್ಧ ನಿಜ ಇದೆ.

ಚಿಗುರು ಅವರೇ, ಕವಚದ ವಿಷಯ ಬಿಡಿ, ಮೊದಲು ನಿಮ್ಮ ಸಾರ ಯಾಕೆ ಕೆಡುತ್ತಿದೆ ನೋಡೋಣ. ನೀವು ಕೊಟ್ಟ ಪಟ್ಟಿಯಲ್ಲೇ ಉತ್ತರ ಇದೆ. ಪಿಎಚ್ 6.5, ಪಾರದರ್ಶಕ ಬಾಟಲಿ, ಮುಚ್ಚಳ ತೆಗೆದಾಗೆಲ್ಲ ಗಾಳಿ ಎಳೆದುಕೊಳ್ಳುವ ಡ್ರಾಪರ್, ಲೋಹ ಹಿಡಿದಿಡುವ ಚೀಲೇಟರ್ ಇಲ್ಲವೇ ಇಲ್ಲ.

ಗ್ರೀನ್ ಟೀ ಸಾರದ ಮುಖ್ಯ ಅಂಶ ಇಜಿಸಿಜಿ ಅನ್ನುವ ಕ್ಯಾಟೆಕಿನ್. ಅದರ ಉಂಗುರಗಳ ಮೇಲೆ ಹೈಡ್ರಾಕ್ಸಿಲ್ ಗುಂಪುಗಳು ಒತ್ತೊತ್ತಾಗಿ ಕೂತಿವೆ. ಅದಕ್ಕೆ ಆಂಟಿಆಕ್ಸಿಡೆಂಟ್ ಗುಣ ಬಂದಿರುವುದೂ ಅವುಗಳಿಂದಲೇ, ಅದು ಬೇಗ ಕೆಡುವುದೂ ಅವುಗಳಿಂದಲೇ. ಪಿಎಚ್ ಏರಿದಷ್ಟೂ ಗಾಳಿಯ ಆಮ್ಲಜನಕ ಅದನ್ನು ಬೇಗ ಹಿಡಿಯುತ್ತದೆ. ಮೊದಲು ಕ್ವಿನೋನ್ ಆಗುತ್ತದೆ. ಆಮೇಲೆ ಅವು ಒಂದಕ್ಕೊಂದು ಅಂಟಿಕೊಂಡು ಕಂದು ಬಣ್ಣದ ದೊಡ್ಡ ಅಣುಗಳಾಗುತ್ತವೆ. ನೀರಿನಲ್ಲಿ ಒಂಚೂರು ಕಬ್ಬಿಣ, ತಾಮ್ರ ಇದ್ದರಂತೂ ಕೇಳುವುದೇ ಬೇಡ.

ಪಿಎಚ್ ಅನ್ನು 5ಕ್ಕಿಂತ ಕೆಳಗೆ ತಂದರೆ ಈ ಓಟ ತುಂಬಾ ನಿಧಾನವಾಗುತ್ತದೆ. ಆದರೆ ಅಲ್ಲಿ ಕಾರ್ಬೋಮರ್ ತನ್ನ ಗಟ್ಟಿತನ ಬಿಟ್ಟುಕೊಡುತ್ತದೆ, ಸೀರಮ್ ನೀರಾಗುತ್ತದೆ. ಅದಕ್ಕೆ ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್ ಅಥವಾ ಜ್ಯಾಂಥನ್ ಗಮ್‌ಗೆ ಹೋಗಬೇಕು. ಜೊತೆಗೆ ಡೈಸೋಡಿಯಂ ಇಡಿಟಿಎ ಅಥವಾ ಸೋಡಿಯಂ ಫೈಟೇಟ್ 0.1 ಶೇಕಡಾ, ಡಿಸ್ಟಿಲ್ಡ್ ನೀರು, ಬೆಳಕು ತೂರದ ಏರ್‌ಲೆಸ್ ಪಂಪ್. ಇಷ್ಟು ಮಾಡಿದ ಮೇಲೂ ಕಂದಾದರೆ ಆಗ ಕವಚದ ಮಾತು.

ಇನ್ನು ನಿಮ್ಮ ಮೂರು ಆಯ್ಕೆಗಳು.

ಸ್ಪ್ರೇ ಡ್ರೈ ಪುಡಿ: ಮಾಲ್ಟೋಡೆಕ್ಸ್‌ಟ್ರಿನ್ ನೀರಿನಲ್ಲಿ ಕರಗುತ್ತದೆ. ನಿಮ್ಮದು ನೀರಿನ ಸೀರಮ್. ಪುಡಿ ಹಾಕಿ ಕಲಕಿದ ಕೆಲವೇ ನಿಮಿಷದಲ್ಲಿ ಕವಚ ಮಾಯ, ಸಾರ ಮತ್ತೆ ಬೆತ್ತಲೆ. ಆ ಪುಡಿ ಕೆಟ್ಟದ್ದೇನಲ್ಲ. ಸಾರ ತೇವ ಹೀರಿ ಗಂಟಾಗದಂತೆ ಡಬ್ಬದಲ್ಲಿ ಇಡುವುದಕ್ಕೆ, ಬಳಸುವಾಗ ನೀರು ಬೆರೆಸುವ ಒಣ ಮಾಸ್ಕ್‌ಗೆ ಅದು ಚೆನ್ನ. ಸೀರಮ್‌ನಲ್ಲಿ ಅದು ಮಾಡುವ ಕೆಲಸ ಸೊನ್ನೆ.

ಆಲ್ಜಿನೇಟ್ ಮಣಿ: ಕಡಲ ಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟ್ ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ಹನಿ ಅಲ್ಲೇ ಜೆಲ್ ಆಗುತ್ತದೆ. ನೋಡಲು ಚೆಂದ. ಆದರೆ ಆ ಜೆಲ್ ಅಂದರೆ ಬಹುಪಾಲು ನೀರೇ, ಜಾಲರಿಯ ಕಣ್ಣುಗಳು ದೊಡ್ಡವು. ನೀರಿನಲ್ಲಿ ಕರಗುವ ಚಿಕ್ಕ ಅಣುಗಳು ಸಲೀಸಾಗಿ ಹೊರಗೆ ಬರುತ್ತವೆ. ಎಣ್ಣೆಯ ಹನಿಯನ್ನು ಹಿಡಿದಿಡಲು ಸರಿ, ಇಜಿಸಿಜಿಗೆ ಸಾಲದು. ಇನ್ನೊಂದು ಪೇಚು ಇದೆ. ಮೇಲೆ ಇಡಿಟಿಎ ಹಾಕಿ ಅಂದೆನಲ್ಲ, ಅದು ಮಣಿಯ ಕ್ಯಾಲ್ಸಿಯಂ ಅನ್ನೇ ಕಿತ್ತುಕೊಳ್ಳುತ್ತದೆ. ಒಂದು ಗಾಜಿನ ಬಟ್ಟಲಲ್ಲಿ ಇಡಿಟಿಎ ನೀರು ಹಾಕಿ ನಾಲ್ಕು ಮಣಿ ಬಿಟ್ಟು ನೋಡಿ. ಮೊದಲು ಮಣಿಯ ಅಂಚು ಮಸುಕಾಗುತ್ತದೆ, ಮಣಿ ಊದಿಕೊಳ್ಳುತ್ತದೆ, ಬೆರಳಲ್ಲಿ ಎತ್ತಲು ಹೋದರೆ ಜಾರಿ ಲೋಳೆಯಾಗುತ್ತದೆ. ಸಿಟ್ರೇಟ್ ಬಫರ್ ಹಾಕಿದರೂ ಇದೇ ಪಾಡು.

ಲಿಪೋಸೋಮ್: ಮೂರರಲ್ಲಿ ಸ್ವಲ್ಪ ಅರ್ಥ ಇರುವುದು ಇದಕ್ಕೆ ಮಾತ್ರ. ಅದೂ ನಿಮ್ಮ ಸೀರಮ್ ಅದನ್ನು ಉಳಿಯಗೊಟ್ಟರೆ. ಪಾಲಿಸಾರ್ಬೇಟ್ ಥರದ ಸರ್ಫ್ಯಾಕ್ಟೆಂಟ್ (ಎಣ್ಣೆ, ನೀರು ಬೆರೆಸುವ ವಸ್ತು) ಜಾಸ್ತಿಯಾದರೆ ಲಿಪೋಸೋಮ್‌ನ ಪೊರೆಯನ್ನೇ ಕರಗಿಸಿಬಿಡುತ್ತದೆ. ಆಲ್ಕೋಹಾಲ್ ಜಾಸ್ತಿ ಇದ್ದರೂ ಅದೇ ಗತಿ. ಸುಗಂಧ ಬಿಡಬಹುದಾದರೆ ಬಿಡಿ, ಪಾಲಿಸಾರ್ಬೇಟ್ ತಾನಾಗಿ ಹೋಗುತ್ತದೆ.

ಚಿಗುರು

ತುಂಬಾ ಥ್ಯಾಂಕ್ಸ್ ಸರ್. ಸುಗಂಧ ಬಿಡಲು ನನಗೇನೂ ಬೇಜಾರಿಲ್ಲ. ಆದರೆ ಲಿಪೋಸೋಮ್‌ನ ಮಾಹಿತಿ ಹಾಳೆ ನೋಡಿ ತಲೆ ತಿರುಗಿತು. "ಸಾರ 2%, ಇಜಿಸಿಜಿ 50%ಕ್ಕೆ ಸ್ಟ್ಯಾಂಡರ್ಡೈಸ್ಡ್, ಎನ್‌ಕ್ಯಾಪ್ಸುಲೇಶನ್ ಎಫಿಶಿಯೆನ್ಸಿ 80%, ಬಳಕೆ 3%" ಅಂತ ಇದೆ. ಇದರಲ್ಲಿ ಯಾವ ಸಂಖ್ಯೆ ನಂಬಬೇಕು?

ಲೆಕ್ಕದವಳು

ನಾನು ಲ್ಯಾಬ್‌ನಲ್ಲಿ ಅಳೆಯುವ ಕೆಲಸ ಮಾಡುವವಳು, ಇದು ನನ್ನ ಪಾಲಿನ ಪ್ರಶ್ನೆ. ಎಲ್ಲ ಸಂಖ್ಯೆಯನ್ನೂ ನಂಬಿ, ಆದರೆ ಗುಣಿಸಿ ನೋಡಿ.

100 ಗ್ರಾಂ ಸೀರಮ್‌ಗೆ 3 ಗ್ರಾಂ ದ್ರವ ಹಾಕುತ್ತೀರಿ. ಅದರಲ್ಲಿ ಸಾರ ಶೇಕಡಾ 2, ಅಂದರೆ 0.06 ಗ್ರಾಂ. ಅದರ ಅರ್ಧ ಇಜಿಸಿಜಿ, ಅಂದರೆ 0.03 ಗ್ರಾಂ. ಶೇಕಡಾ 0.03. ನಿಮ್ಮ 30 ಗ್ರಾಂ ಬಾಟಲಿಯಲ್ಲಿ 9 ಮಿಲಿಗ್ರಾಂ. ಅದರಲ್ಲಿ ಶೇಕಡಾ 80 ಮಾತ್ರ ಕವಚದ ಒಳಗೆ, ಅಂದರೆ 7.2 ಮಿಲಿಗ್ರಾಂ. ಈಗ ನೀವು ಬರೀ ಪುಡಿಯನ್ನು ಶೇಕಡಾ 1 ಹಾಕುತ್ತಿದ್ದೀರಿ. ಅದೂ 50 ಶೇಕಡಾದ್ದೇ ಆಗಿದ್ದರೆ ಬಾಟಲಿಗೆ 150 ಮಿಲಿಗ್ರಾಂ ಇಜಿಸಿಜಿ. ಹದಿನಾರು ಪಟ್ಟಿಗಿಂತ ಜಾಸ್ತಿ! ಲಿಪೋಸೋಮ್‌ಗೆ ಬದಲಾಯಿಸಿದ ಕೂಡಲೇ ಸೀರಮ್ ಕಂದಾಗುವುದು ನಿಂತರೆ ಅದು ಕವಚದ ಮಹಿಮೆ ಅಂದುಕೊಳ್ಳಬೇಡಿ. ಕಂದಾಗಲು ಒಳಗೆ ಸಾಮಾನೇ ಇಲ್ಲ.

ಆ 80 ಶೇಕಡಾ ಅಂದರೆ ಏನು ಅಂತಲೂ ಹೇಳುತ್ತೇನೆ. ದ್ರವವನ್ನು ಸೂಕ್ಷ್ಮ ಫಿಲ್ಟರ್ ಇರುವ ಟ್ಯೂಬ್‌ನಲ್ಲಿ ಹಾಕಿ ಸೆಂಟ್ರಿಫ್ಯೂಜ್ ಮಾಡುತ್ತೇವೆ. ಕಣಗಳು ಮೇಲೆ ಉಳಿಯುತ್ತವೆ, ಹೊರಗಿದ್ದ ಸಾರ ನೀರಿನ ಜೊತೆ ಕೆಳಗೆ ಇಳಿಯುತ್ತದೆ. ಕೆಳಗಿಳಿದದ್ದನ್ನು ಎಚ್‌ಪಿಎಲ್‌ಸಿಯಲ್ಲಿ (ಅಣುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆದು ಒಟ್ಟಿನಿಂದ ಕಳೆದರೆ ಒಳಗಿದ್ದದ್ದು ಎಷ್ಟು ಅಂತ ಬರುತ್ತದೆ. ಇದು ಅವರ ಡಬ್ಬದಲ್ಲಿದ್ದಾಗಿನ ಸಂಖ್ಯೆ. ನಿಮ್ಮ ಸೀರಮ್‌ನಲ್ಲಿ ಅದನ್ನು ಮೂವತ್ತಮೂರು ಪಟ್ಟು ತೆಳು ಮಾಡುತ್ತೀರಿ. ಹೊರಗಿನ ನೀರು ಖಾಲಿ ಇದ್ದಾಗ ಒಳಗಿನ ಸಾರ ನಿಧಾನವಾಗಿ ಹೊರಗೆ ಹರಿಯುತ್ತದೆ, ಅದು ನೀರಿಗೆ ಒಲಿಯುವ ಅಣುವಾದರೆ ಇನ್ನೂ ಬೇಗ. ಆದ್ದರಿಂದ ಕೇಳಬೇಕಾದ್ದು "ಎಫಿಶಿಯೆನ್ಸಿ ಎಷ್ಟು" ಅಂತಲ್ಲ. "ಶೇಕಡಾ 3 ಹಾಕಿದ ಜೆಲ್‌ನಲ್ಲಿ 40 ಡಿಗ್ರಿಯಲ್ಲಿ ಮೂರು ತಿಂಗಳು ಇಟ್ಟ ಮೇಲೆ ಒಳಗೆ ಎಷ್ಟು ಉಳಿದಿದೆ" ಅಂತ ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡುವವರ ಸಾಮಗ್ರಿ ತೆಗೆದುಕೊಳ್ಳಿ.

ಎಫಿಶಿಯೆನ್ಸಿ ಬೇರೆ, ಲೋಡಿಂಗ್ (ಕವಚದ ತೂಕಕ್ಕೆ ಎಷ್ಟು ಸಾರ ಅನ್ನುವುದು) ಬೇರೆ. 100 ಮಿಲಿಗ್ರಾಂ ಕೊಬ್ಬಿಗೆ 1 ಮಿಲಿಗ್ರಾಂ ಸಾರ ಹಾಕಿದರೆ ಎಫಿಶಿಯೆನ್ಸಿ 95 ಬರುವುದು ದೊಡ್ಡ ವಿಷಯವೇನಲ್ಲ. ಸಾರ ಹೆಚ್ಚಿಸುತ್ತಾ ಹೋದಾಗ ಆ ಸಂಖ್ಯೆ ಕುಸಿಯುತ್ತದೆ. ಅದಕ್ಕೇ ಎರಡೂ ಸಂಖ್ಯೆ ಕೇಳಬೇಕು.

ಅನುಮಾನಪ್ಪ

> ಕಂದಾಗಲು ಒಳಗೆ ಸಾಮಾನೇ ಇಲ್ಲ.

ಇದನ್ನೇ ನಾನು ಒಂದೇ ಸಾಲಿನಲ್ಲಿ ಹೇಳಿದ್ದು. ಮೇಡಂ ಲೆಕ್ಕ ಹಾಕಿ ಹೇಳಿದರು. 🙂

ಅರಿಶಿನ ಕೊಂಬು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಫಾರ್ಮಸಿ ವಿದ್ಯಾರ್ಥಿ, ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನನ್ನ ಕಷ್ಟ ಚಿಗುರು ಅವರದ್ದಕ್ಕೆ ತದ್ವಿರುದ್ಧ. ಗ್ರೀನ್ ಟೀ ಸಾರ ನೀರಿನಲ್ಲಿ ಕರಗುತ್ತದೆ, ನನ್ನದು ಕರಗುವುದೇ ಇಲ್ಲ. ಬೆಳಕಿಗೆ ಇಟ್ಟರೆ ಬಣ್ಣ ಹೋಗುತ್ತದೆ. ಪಿಎಚ್ ಏರಿದರೆ ಕೆಂಪಗಾಗಿ ಒಡೆದುಹೋಗುತ್ತದೆ. ಹಚ್ಚಿದ ಕಡೆಯೆಲ್ಲ ಹಳದಿ ಕಲೆ ಬೇರೆ. ಗೈಡ್ ಸೈಕ್ಲೋಡೆಕ್ಸ್‌ಟ್ರಿನ್ ನೋಡು ಅಂದರು, ಸೀನಿಯರ್ ಒಬ್ಬರು ಎನ್‌ಎಲ್‌ಸಿ ಮಾಡು ಅಂದರು. ಯಾವುದು ಒಳ್ಳೆಯದು?

ಹಳೇ ಬೀಕರ್

ಕ್ಷಮೆ ಯಾಕಪ್ಪಾ, ಇದು ಅದೇ ಚರ್ಚೆ. ಕರ್ಕ್ಯುಮಿನ್‌ಗೆ ಕವಚದ ನಿಜವಾದ ಅಗತ್ಯ ಇದೆ. ದೇಹದ ಉಷ್ಣತೆಯಲ್ಲಿ, ಪಿಎಚ್ 7.2ರ ಫಾಸ್ಫೇಟ್ ಬಫರ್‌ನಲ್ಲಿ ಅರ್ಧ ಗಂಟೆಯೊಳಗೆ ಅದರ ಸುಮಾರು 90 ಶೇಕಡಾ ಒಡೆದುಹೋಗುತ್ತದೆ ಅಂತ 1990ರ ದಶಕದಲ್ಲೇ ಅಳೆದು ತೋರಿಸಿದ್ದಾರೆ. ಆಮ್ಲೀಯ ಕಡೆ ಇದ್ದರೆ ಎಷ್ಟೋ ವಾಸಿ.

ಸೈಕ್ಲೋಡೆಕ್ಸ್‌ಟ್ರಿನ್ ಅಂದರೆ ಗ್ಲೂಕೋಸ್ ಘಟಕಗಳ ಉಂಗುರ. ಆಲ್ಫಾದಲ್ಲಿ 6, ಬೀಟಾದಲ್ಲಿ 7, ಗಾಮಾದಲ್ಲಿ 8. ಹೊರಮೈ ನೀರಿಗೆ ಒಲಿಯುತ್ತದೆ, ಒಳಗಿನ ಟೊಳ್ಳು ಎಣ್ಣೆ ಸ್ವಭಾವದ ಅಣುಗಳಿಗೆ ಒಲಿಯುತ್ತದೆ. ಕರ್ಕ್ಯುಮಿನ್‌ನ ಎರಡು ತುದಿಯ ಉಂಗುರಗಳು ಆ ಟೊಳ್ಳಿಗೆ ಹೊಂದುತ್ತವೆ, ಹಾಗಾಗಿ ಒಂದು ಕರ್ಕ್ಯುಮಿನ್‌ಗೆ ಎರಡು ಸೈಕ್ಲೋಡೆಕ್ಸ್‌ಟ್ರಿನ್ ಬೇಕಾಗಬಹುದು. ಬೀಟಾ ತಾನೇ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 18.5 ಗ್ರಾಂ. ಹೈಡ್ರಾಕ್ಸಿಪ್ರೊಪೈಲ್ ಬೀಟಾ ತೆಗೆದುಕೊಂಡರೆ ಆ ತಾಪತ್ರಯ ಇಲ್ಲ. ತೂಕ ಮಾತ್ರ ಮರೆಯಬೇಡಿ. ಕರ್ಕ್ಯುಮಿನ್ ಅಣುತೂಕ 368, ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ 1135. ಎರಡು ಸೇರಿದರೆ 2270. ಒಂದು ಗ್ರಾಂ ಕರ್ಕ್ಯುಮಿನ್ ಹಿಡಿಯಲು ಆರು ಗ್ರಾಂಗಿಂತ ಜಾಸ್ತಿ ಉಂಗುರ ಬೇಕು.

ಎನ್‌ಎಲ್‌ಸಿ ಕಥೆ ಬೇರೆ. 1990ರ ದಶಕದ ಮೊದಲಲ್ಲಿ ಬರೀ ಗಟ್ಟಿ ಕೊಬ್ಬಿನ ಕಣಗಳನ್ನು ಮಾಡಿದರು, ಎಸ್‌ಎಲ್‌ಎನ್ ಅನ್ನುತ್ತಾರೆ. ಬಿಸಿಯಲ್ಲಿ ಕರಗಿಸಿ, ಸಾರ ಬೆರೆಸಿ, ನೀರಿನಲ್ಲಿ ಚೂರು ಚೂರು ಮಾಡಿ ತಣಿಸುವುದು. ತಣಿದ ದಿನ ಎಲ್ಲ ಚೆನ್ನಾಗಿರುತ್ತದೆ. ಇಟ್ಟ ಹಾಗೆ ಕೊಬ್ಬಿನ ಹರಳು ತನ್ನಷ್ಟಕ್ಕೆ ಇನ್ನೂ ಅಚ್ಚುಕಟ್ಟಾದ ಜೋಡಣೆಗೆ ಹೋಗುತ್ತದೆ. ನೀಟಾಗಿ ಪೇರಿಸಿದ ಇಟ್ಟಿಗೆ ರಾಶಿಯಲ್ಲಿ ಸಂದು ಇರುವುದಿಲ್ಲವಲ್ಲ, ಹಾಗೆ ಸಾರಕ್ಕೆ ಜಾಗ ಇಲ್ಲದೆ ಹೊರಗೆ ತಳ್ಳಿಬಿಡುತ್ತದೆ. ಅದಕ್ಕೇ ಆಮೇಲೆ ಗಟ್ಟಿ ಕೊಬ್ಬಿನ ಜೊತೆ ಒಂದಿಷ್ಟು ಎಣ್ಣೆ ಬೆರೆಸಿ ಜೋಡಣೆಯನ್ನು ಬೇಕಂತಲೇ ಕೆಡಿಸಿದರು. ಅದು ಎನ್‌ಎಲ್‌ಸಿ. ಎಣ್ಣೆಯಲ್ಲಿ ಕರಗುವ ಸಾರಗಳಿಗೆ, ಅಂದರೆ ಕರ್ಕ್ಯುಮಿನ್, ಬಾಕುಚಿಯೋಲ್, ಜೇಷ್ಠಮಧುವಿನ ಗ್ಲಾಬ್ರಿಡಿನ್ ಇಂಥವಕ್ಕೆ, ನಾನು ಮೊದಲು ನೋಡುವುದು ಇದನ್ನೇ. ಎರಡೂ ದ್ರವಗಳನ್ನು ಕೊಬ್ಬಿನ ಕರಗುವ ಬಿಂದುವಿಗಿಂತ ಸುಮಾರು 10 ಡಿಗ್ರಿ ಮೇಲೆ ಒಂದೇ ಉಷ್ಣತೆಗೆ ತಂದು ಆಮೇಲೆ ಬೆರೆಸಿ. ಒಂದು ತಣ್ಣಗಿದ್ದರೆ ಅಲ್ಲೇ ಗಂಟು ಕಟ್ಟುತ್ತದೆ.

ಹಳದಿ ಬಣ್ಣ ಮಾತ್ರ ಯಾವ ಕವಚದಿಂದಲೂ ಹೋಗುವುದಿಲ್ಲ. ಬಣ್ಣ ಬೇಡವಾದರೆ ಟೆಟ್ರಾಹೈಡ್ರೋಕರ್ಕ್ಯುಮಿನ್ ನೋಡಿ, ಅದು ಹೆಚ್ಚುಕಮ್ಮಿ ಬಿಳಿ. ಆದರೆ ಅದು ಬೇರೆಯೇ ಅಣು. ಕರ್ಕ್ಯುಮಿನ್‌ನ ಫಲಿತಾಂಶಗಳನ್ನು ಅದರ ತಲೆಗೆ ಕಟ್ಟಬೇಡಿ.

ಎಣ್ಣೆ ನೀರು

ಪ್ರಾಜೆಕ್ಟ್‌ನವರಿಗೆ ಒಂದು ಎಚ್ಚರಿಕೆ. ಎನ್‌ಎಲ್‌ಸಿ ಮೇಲೆ ಕೈಟೋಸಾನ್ ಹೊದಿಸು ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಹೊದಿಸಿ, ತಪ್ಪಿಲ್ಲ. ಆದರೆ ಕೈಟೋಸಾನ್ ಧನ ವಿದ್ಯುದಂಶದ್ದು, ಆಮ್ಲೀಯ ನೀರಿನಲ್ಲಿ ಮಾತ್ರ ಕರಗುವುದು. ಅದನ್ನು ತಂದು ಜ್ಯಾಂಥನ್ ಅಥವಾ ಕಾರ್ಬೋಮರ್ ಜೆಲ್‌ಗೆ ಹಾಕಿದರೆ ಅವು ಋಣ, ಇದು ಧನ. ಬಿಳಿ ನಾರು ನಾರಾಗಿ ಕಟ್ಟಿಕೊಳ್ಳುತ್ತದೆ, ಕಲಕುವ ಕಡ್ಡಿಗೆ ಸುತ್ತಿಕೊಂಡು ಮೇಲೆ ಬರುತ್ತದೆ. ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್‌ಗೆ ವಿದ್ಯುದಂಶ ಇಲ್ಲ, ಅದರ ಜೊತೆ ಹೊಂದುತ್ತದೆ.

ಇನ್ನೊಂದು, ಯಾರೂ ಪ್ರಿಸರ್ವೇಟಿವ್ ಬಗ್ಗೆ ಮಾತಾಡಿಲ್ಲ. ಕೊಬ್ಬಿನ ಕಣ ಸಾರವನ್ನು ಮಾತ್ರ ಒಳಗೆ ಎಳೆದುಕೊಳ್ಳುವುದಿಲ್ಲ, ಪ್ಯಾರಾಬೆನ್, ಫಿನಾಕ್ಸಿಎಥನಾಲ್‌ನ ಒಂದು ಪಾಲನ್ನೂ ಎಳೆದುಕೊಳ್ಳುತ್ತದೆ. ಸೈಕ್ಲೋಡೆಕ್ಸ್‌ಟ್ರಿನ್‌ನ ಟೊಳ್ಳಿಗೂ ಪ್ಯಾರಾಬೆನ್ ಅಂದರೆ ಇಷ್ಟ. ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ. ಅಲ್ಲಿ ಉಳಿಯುವ ಪ್ರಿಸರ್ವೇಟಿವ್ ಕಡಿಮೆಯಾದರೆ ಮೊದಲು ತಡೆದುಕೊಳ್ಳುತ್ತಿದ್ದ ಕ್ರೀಮ್ ಈಗ ಬೂಸ್ಟು ಹಿಡಿಯಬಹುದು. ಕವಚದ ಸಾಮಗ್ರಿ ಹೊಸದಾಗಿ ಸೇರಿಸಿದರೆ ಚಾಲೆಂಜ್ ಟೆಸ್ಟ್ ಅನ್ನೂ ಹೊಸದಾಗಿ ಮಾಡಿಸಬೇಕು. ಅದರಲ್ಲಿ ಬೇಕಂತಲೇ ಬ್ಯಾಕ್ಟೀರಿಯಾ, ಯೀಸ್ಟ್, ಬೂಸ್ಟು ಬಿಟ್ಟು 28 ದಿನ ಎಣಿಸುತ್ತಾರೆ. ಸಸ್ಯಸಾರ ಇದ್ದಾಗ ಇದು ಇನ್ನೂ ಮುಖ್ಯ. ಸಾರದಲ್ಲಿ ಸಕ್ಕರೆ, ಪ್ರೋಟೀನ್ ಎಲ್ಲ ಇರುತ್ತದೆ, ಸೂಕ್ಷ್ಮಜೀವಿಗಳಿಗೆ ಹಬ್ಬ.

ಮಾಡರೇಟರ್

ಎರಡು ಉತ್ತರಗಳಲ್ಲಿ ಸಾಮಗ್ರಿ ಮಾರುವವರ ಹೆಸರು, ಲಿಂಕ್ ಇದ್ದವು. ತೆಗೆದಿದ್ದೇನೆ. ಚರ್ಚೆ ಮುಂದುವರಿಯಲಿ.

ಅನುಮಾನಪ್ಪ

ಸರಿ, ಕಾಪಾಡುವ ವಿಷಯ ಒಪ್ಪಿದೆ. ನನ್ನ ಪ್ರಶ್ನೆ ಹಾಗೇ ಇದೆ. ಚರ್ಮದೊಳಗೆ ಹೋಗುತ್ತದಾ ಇಲ್ಲವಾ?

ಹಳೇ ಬೀಕರ್

ಬಂದೆ ಬಂದೆ. ಇದಕ್ಕೆ ಹೌದು, ಇಲ್ಲ ಅಂತ ಒಂದೇ ಉತ್ತರ ಇಲ್ಲ.

ಲಿಪೋಸೋಮ್ ಶುರುವಾದದ್ದು ಚರ್ಮಕ್ಕಾಗಿ ಅಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಬ್ಯಾಂಗಮ್ ಮತ್ತು ಜೊತೆಯವರು ಫಾಸ್ಫೋಲಿಪಿಡ್‌ಗಳನ್ನು ನೀರಿಗೆ ಹಾಕಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ ಅವು ತಾವಾಗಿ ಮುಚ್ಚಿದ ಚೀಲಗಳಾಗಿದ್ದವು. ಜೀವಕೋಶದ ಪೊರೆಯನ್ನು ಅರ್ಥಮಾಡಿಕೊಳ್ಳಲು ಅದೊಂದು ಮಾದರಿಯಾಯಿತು. ಸೌಂದರ್ಯವರ್ಧಕಕ್ಕೆ ಬಂದದ್ದು 1986ರಲ್ಲಿ, ಡಿಯೋರ್‌ನ ಕ್ಯಾಪ್ಚರ್ ಕ್ರೀಮ್‌ನಲ್ಲಿ. ಆಗಿನಿಂದಲೂ "ಚೀಲ ಹಾಗೇ ಆಳಕ್ಕೆ ಇಳಿಯುತ್ತದೆ" ಅನ್ನುವ ಚಿತ್ರ ಓಡುತ್ತಿದೆ.

ಚರ್ಮದ ಹೊರಪದರ, ಸ್ಟ್ರೇಟಮ್ ಕಾರ್ನಿಯಮ್, ಅಂಗೈ ಅಂಗಾಲು ಬಿಟ್ಟರೆ ಸುಮಾರು 10ರಿಂದ 20 ಮೈಕ್ರೋಮೀಟರ್ ದಪ್ಪ. ಸತ್ತ ಜೀವಕೋಶಗಳು, ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳ ಪದರ. ಆ ಕೊಬ್ಬಿನ ಸಂದಿ 100 ನ್ಯಾನೋಮೀಟರಿಗಿಂತ ಕಿರಿದು. 100, 150 ನ್ಯಾನೋಮೀಟರಿನ ಚೀಲ ಇಡಿಯಾಗಿ ಅದರಲ್ಲಿ ನುಸುಳಿಕೊಂಡು ಹೋಗುತ್ತದೆ ಅನ್ನಲು ಒಳ್ಳೆ ಪುರಾವೆ ಇಲ್ಲ. ಸಾಮಾನ್ಯವಾಗಿ ಆಗುವುದು ಏನೆಂದರೆ, ಚೀಲ ಮೇಲ್ಮೈಯಲ್ಲಿ ಒಡೆದು ಅದರ ಕೊಬ್ಬು ಚರ್ಮದ ಕೊಬ್ಬಿನ ಜೊತೆ ಬೆರೆಯುತ್ತದೆ, ಒಳಗಿದ್ದ ಅಣು ಅಲ್ಲಿಂದ ತನ್ನ ಶಕ್ತ್ಯಾನುಸಾರ ಇಳಿಯುತ್ತದೆ. ಪೊರೆಯನ್ನು ಬಾಗುವ ಹಾಗೆ ಮೃದು ಮಾಡಿದ ಟ್ರಾನ್ಸ್‌ಫರ್‌ಸೋಮ್, ಆಲ್ಕೋಹಾಲ್ ಸೇರಿಸಿದ ಎಥೋಸೋಮ್ ಇನ್ನೂ ಒಳಗೆ ಒಯ್ಯುತ್ತವೆ ಅನ್ನುವ ಅಧ್ಯಯನಗಳಿವೆ, ಅವುಗಳ ಮೇಲೆ ವಾದವೂ ಇದೆ. ಕೂದಲಿನ ಬುಡದ ಕುಳಿಯೊಳಗೆ ಮಾತ್ರ ಕೆಲವು ನೂರು ನ್ಯಾನೋಮೀಟರಿನ ಕಣಗಳು ತಿಕ್ಕಿದಾಗ ಚೆನ್ನಾಗಿ ಇಳಿದು ಅಲ್ಲೇ ದಿನಗಟ್ಟಲೆ ಕೂರುತ್ತವೆ. ಹಂದಿಯ ಕಿವಿಯ ಚರ್ಮದಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ.

ಅಣುವಿನ ತೂಕವೂ ಲೆಕ್ಕಕ್ಕೆ ಬರುತ್ತದೆ. 500 ಡಾಲ್ಟನ್‌ಗಿಂತ (ಅಣುತೂಕದ ಅಳತೆ) ದೊಡ್ಡ ಅಣು ಆರೋಗ್ಯವಂತ ಚರ್ಮ ದಾಟುವುದು ಕಷ್ಟ ಅಂತ 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಬರೆದರು. ಬಾಕುಚಿಯೋಲ್ 256, ಗ್ಲಾಬ್ರಿಡಿನ್ 324, ಎರಡೂ ಎಣ್ಣೆಗೆ ಒಲಿಯುವಂಥವು. ಅವಕ್ಕೆ ದಾರಿ ತೋರಿಸುವವರು ಬೇಕಿಲ್ಲ. ಒಂದೆಲಗದ ಏಷಿಯಾಟಿಕೋಸೈಡ್ 959, ಅದು ಕಷ್ಟ. ಇಜಿಸಿಜಿ 458, ತೂಕದಲ್ಲಿ ಪಾಸು. ಆದರೆ ಮೈತುಂಬಾ ಹೈಡ್ರಾಕ್ಸಿಲ್, ಕೊಬ್ಬಿನ ಪದರ ಅದಕ್ಕೆ ಒಗ್ಗುವುದಿಲ್ಲ. ಇಂಥ ಪಾಲಿಫಿನಾಲ್‌ಗಳನ್ನು ಫಾಸ್ಫೋಲಿಪಿಡ್ ಜೊತೆ ಹೈಡ್ರೋಜನ್ ಬಂಧದಲ್ಲಿ ಕಟ್ಟಿ ಫೈಟೋಸೋಮ್ ಮಾಡುವುದು ಇದೇ ಕಾರಣಕ್ಕೆ. ಅಲ್ಲಿ ಚೀಲದೊಳಗೆ ನೀರು, ನೀರಿನಲ್ಲಿ ಸಾರ ಅಂತ ಇರುವುದಿಲ್ಲ. ಸಾರವೇ ಪೊರೆಗೆ ಅಂಟಿಕೊಂಡಿರುತ್ತದೆ, ಸೋರಿಕೆ ಕಡಿಮೆ.

ಹಾಗಾಗಿ ಅನುಮಾನಪ್ಪನವರೇ, ಚಿತ್ರ ಸುಳ್ಳು. ಉಪಯೋಗವೇ ಇಲ್ಲ ಅನ್ನುವುದೂ ಸುಳ್ಳು.

ಅನುಮಾನಪ್ಪ

ಅರ್ಧ ಅಂಕ ಕೊಟ್ಟಿರಿ, ಸಾಕು ಬಿಡಿ. ಚರ್ಮದ ಮೇಲೇ ಉಳಿದರೂ ಉಪಯೋಗ ಇದೆ ಅಂತೀರಾ?

ಎಣ್ಣೆ ನೀರು

ಇದೆ. ಸುಗಂಧ ತೈಲಗಳನ್ನೇ ನೋಡಿ. ಲಿಮೋನೀನ್, ಲಿನಲೂಲ್ ಗಾಳಿಗೆ ಸಿಕ್ಕಿ ಹೈಡ್ರೋಪೆರಾಕ್ಸೈಡ್ ಆಗುತ್ತವೆ. ಅಲರ್ಜಿ ತರುವುದು ಮುಖ್ಯವಾಗಿ ಅವೇ, ತಾಜಾ ಎಣ್ಣೆಯಲ್ಲ. ಬಾಟಲಿಯಲ್ಲಿ ಇದ್ದಷ್ಟು ದಿನ ಗಾಳಿ ತಾಗದ ಹಾಗೆ ಇಟ್ಟರೆ ಚರ್ಮಕ್ಕೆ ಆದ ಲಾಭ ಅದೇ. ಒಳಗೆ ಹೋಗಬೇಕಾದ್ದೇ ಇಲ್ಲ. ಉರಿ ತರಿಸುವ ಸಾರಗಳನ್ನು ಒಮ್ಮೆಲೇ ಬಿಡದೆ ನಿಧಾನವಾಗಿ ಬಿಡುವುದೂ ಒಂದು ಕೆಲಸ.

ಆದರೆ ಸುಗಂಧಕ್ಕೆ ಬಳಸುವ ಕವಚ ಯಾವುದು ಅಂತ ಕೇಳಬೇಕು. ಮೆಲಮೈನ್ ಫಾರ್ಮಾಲ್ಡಿಹೈಡ್, ಅಕ್ರಿಲೇಟ್ ಗೋಡೆಯ ಕ್ಯಾಪ್ಸೂಲ್‌ಗಳು ಮೈಕ್ರೋಪ್ಲಾಸ್ಟಿಕ್ ಲೆಕ್ಕಕ್ಕೆ ಬರುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ 2023ರ ಅಕ್ಟೋಬರ್‌ನಿಂದ ಇದರ ಮೇಲೆ ನಿರ್ಬಂಧ ಬಂದಿದೆ. ಕಾಲಾವಕಾಶ ಕೊಟ್ಟಿದ್ದಾರೆ. ತೊಳೆದುಹೋಗುವ ಉತ್ಪನ್ನಗಳಿಗೆ 2027, ಎನ್‌ಕ್ಯಾಪ್ಸುಲೇಟೆಡ್ ಸುಗಂಧಕ್ಕೆ 2029, ಹಚ್ಚಿ ಹಾಗೇ ಬಿಡುವ ಕ್ರೀಮ್‌ಗಳಿಗೂ 2029. ರಾಸಾಯನಿಕವಾಗಿ ಬದಲಾಯಿಸದ ನೈಸರ್ಗಿಕ ಪಾಲಿಮರ್‌ಗಳಿಗೆ ವಿನಾಯಿತಿ ಇದೆ. "ಸಸ್ಯಸಾರ" ಅಂತ ಮುಂದೆ ದೊಡ್ಡದಾಗಿ ಬರೆದು, ಅದನ್ನು ಪ್ಲಾಸ್ಟಿಕ್ ಗೋಡೆಯಲ್ಲಿ ಮುಚ್ಚಿ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಸ್ವಂತ ಕೈ

ಎಲ್ಲ ಓದಿದೆ. ಲೆಸಿತಿನ್ ತಂದು ಬ್ಲೆಂಡರ್‌ನಲ್ಲಿ ಹಾಕಿ ತಿರುಗಿಸಿದರೆ ಲಿಪೋಸೋಮ್ ಆಗುತ್ತದೆ ಅಂತ ಎಷ್ಟೋ ವಿಡಿಯೋಗಳಿವೆ. ನಿಜಾನಾ?

ಹಳೇ ಬೀಕರ್

ಹಾಲಿನಂತೆ ಬೆಳ್ಳಗೆ ಏನೋ ಒಂದು ಆಗುತ್ತದೆ. ಅದರಲ್ಲಿ ಸ್ವಲ್ಪ ಲಿಪೋಸೋಮ್, ಸ್ವಲ್ಪ ಎಮಲ್ಷನ್, ಸ್ವಲ್ಪ ಗಂಟು, ತುಂಬಾ ಗಾಳಿ ಗುಳ್ಳೆ. ಅಂಗಡಿಯ ಕಚ್ಚಾ ಲೆಸಿತಿನ್‌ನಲ್ಲಿ ಎಣ್ಣೆಯೂ ಇರುತ್ತದೆ. ಬೇಕಾದ್ದು ಶುದ್ಧ ಮಾಡಿದ ಫಾಸ್ಫಟಿಡೈಲ್‌ಕೋಲೀನ್.

ಸಣ್ಣ ಲ್ಯಾಬ್‌ನಲ್ಲಿ ಮಾಡಿ ನೋಡಬಹುದಾದ ವಿಧಾನ ಎಥನಾಲ್ ಇಂಜೆಕ್ಷನ್. ಫಾಸ್ಫೋಲಿಪಿಡ್ ಅನ್ನು ಎಥನಾಲ್‌ನಲ್ಲಿ ಕರಗಿಸಿ, ಸಣ್ಣ ಸೂಜಿಯ ಸಿರಿಂಜ್‌ನಿಂದ, ಜೋರಾಗಿ ತಿರುಗುತ್ತಿರುವ ನೀರಿನೊಳಗೆ ತೆಳ್ಳಗೆ ಬಿಡುವುದು. ಸೂಜಿಯ ತುದಿ ನೀರಿನ ಮೇಲ್ಮೈಗಿಂತ ಕೆಳಗಿರಲಿ. ಸರಿಯಾಗಿ ಬಂದರೆ ಬೀಕರ್ ಹಾಲಿನ ಬಿಳಿ ಆಗುವುದಿಲ್ಲ. ತೆಳು ನೀಲಿ ಮಬ್ಬು ಕಾಣುತ್ತದೆ, ಟಾರ್ಚ್ ಬೆಳಕು ಹಾಯಿಸಿದರೆ ಬೆಳಕಿನ ದಾರಿ ಎದ್ದು ಕಾಣುತ್ತದೆ. ಕಣಗಳು ಬೆಳಕಿನ ಅಲೆಗಿಂತ ಸಣ್ಣವು ಅಂತ ಅದರ ಅರ್ಥ. ಗಟ್ಟಿ ಬಿಳಿ ಬಂದರೆ ಕಣ ದೊಡ್ಡದಾಗಿದೆ, ಅಥವಾ ಲಿಪಿಡ್ ಜಾಸ್ತಿಯಾಗಿದೆ.

ಹೈಡ್ರೋಜನೇಟೆಡ್ ಲೆಸಿತಿನ್ ತೆಗೆದುಕೊಂಡರೆ ನೀರನ್ನು 55, 60 ಡಿಗ್ರಿಗೆ ಬಿಸಿ ಮಾಡಿಕೊಳ್ಳಬೇಕು. ಅದರ ಪೊರೆ 50 ಡಿಗ್ರಿಯ ಆಸುಪಾಸಿನವರೆಗೆ ಬಿಗಿಯಾಗಿರುತ್ತದೆ. ಆ ಬಿಗಿಯೇ ಆಮೇಲೆ ಸೋರಿಕೆ ಕಡಿಮೆ ಮಾಡುವುದು. ಸಾದಾ ಸೋಯಾದ್ದು ಕೋಣೆಯ ಉಷ್ಣತೆಯಲ್ಲೇ ಮೃದು, ಮಾಡಲು ಸುಲಭ. ಆದರೆ ಅದರ ಕೊಬ್ಬಿನಾಮ್ಲಗಳು ತಾವೇ ಗಾಳಿಗೆ ಕಮಟುತ್ತವೆ. ಕಾವಲಿಗೆ ಇಟ್ಟವನನ್ನೇ ಕಾಯಬೇಕು, ಟೊಕೋಫೆರಾಲ್ ಹಾಕಿ. ಮತ್ತೆ, ಎಥನಾಲ್ ಹತ್ತಿರ ಬೆಂಕಿ ಬೇಡ, ಬಿಸಿ ನೀರಿಗೆ ಬಿಡುವಾಗ ಆವಿ ಬೇಗ ಏಳುತ್ತದೆ.

ಸ್ವಂತ ಕೈ

ನೀಲಿ ಮಬ್ಬು ಬಂದರೆ ಒಳಗೆ ಸಾರ ಇದೆ ಅಂತಾಯಿತಾ?

ಲೆಕ್ಕದವಳು

ಇಲ್ಲ! ಕಣ ಇದೆ ಅಂತ ಆಯಿತು ಅಷ್ಟೆ. ದೊಡ್ಡ ಮೆಷಿನ್‌ನಲ್ಲಿ ಅಳೆದರೂ ಇದೇ ಕಥೆ. ಡಿಎಲ್‌ಎಸ್ (ಬೆಳಕು ಚದುರುವುದನ್ನು ನೋಡಿ ಕಣ ಅಳೆಯುವ ವಿಧಾನ) ಗಾತ್ರ ಹೇಳುತ್ತದೆ, ಪಿಡಿಐ ಗಾತ್ರದಲ್ಲಿ ಎಷ್ಟು ಏರುಪೇರು ಇದೆ ಹೇಳುತ್ತದೆ (ಲಿಪೋಸೋಮ್‌ಗೆ 0.3ಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ ಅನ್ನುತ್ತಾರೆ), ಝೀಟಾ ಪೊಟೆನ್ಷಿಯಲ್ ಕಣಗಳು ಒಂದನ್ನೊಂದು ಎಷ್ಟು ದೂರ ತಳ್ಳುತ್ತವೆ ಅಂತ ಹೇಳುತ್ತದೆ. ಖಾಲಿ ಲಿಪೋಸೋಮ್ ಕೂಡ ಈ ಮೂರರಲ್ಲೂ ಒಳ್ಳೆ ಅಂಕ ತೆಗೆಯುತ್ತದೆ. ಒಳಗೆ ಏನಿದೆ ಅಂತ ತಿಳಿಯಲು ಬೇರ್ಪಡಿಸಿ ಅಳೆಯಲೇಬೇಕು.

ಸಸ್ಯಸಾರದಲ್ಲಿ ಇನ್ನೊಂದು ಗೋಜು ಇದೆ. ಸಾರ ಅಂದರೆ ಒಂದು ಅಣು ಅಲ್ಲ, ನೂರಾರು. ನಾವು ಒಂದು ಮಾರ್ಕರ್ ಅಣು ಅಳೆದು "80 ಶೇಕಡಾ ಒಳಗಿದೆ" ಅನ್ನುತ್ತೇವೆ. ಎಣ್ಣೆಗೆ ಒಲಿಯುವ ಭಾಗ ಒಳಗಿದ್ದು ನೀರಿಗೆ ಒಲಿಯುವ ಭಾಗ ಪೂರ್ತಿ ಹೊರಗಿರಬಹುದು. ಆ ಹೊರಗಿರುವುದೇ ಕಂದಾಗುವುದಾದರೆ ಕವಚ ಇದ್ದೂ ಬಣ್ಣ ಬದಲಾಗುತ್ತದೆ.

ಚಿಗುರು

ಇಷ್ಟೆಲ್ಲ ಓದಿದ ಮೇಲೆ ಮಣಿ, ಸ್ಪ್ರೇ ಡ್ರೈ ಪುಡಿ ಎರಡನ್ನೂ ಬಿಟ್ಟೆ. ಈಗ ಹೀಗೆ ಮಾಡೋಣ ಅಂತಿದ್ದೇನೆ. ಕಾರ್ಬೋಮರ್ ಬದಲು ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್, ಪಿಎಚ್ 4.8, ಫೈಟೇಟ್, ಸುಗಂಧ ಇಲ್ಲ, ಏರ್‌ಲೆಸ್ ಪಂಪ್. ಅದರಲ್ಲೇ ಒಂದಕ್ಕೆ ಬರೀ ಸಾರ, ಇನ್ನೊಂದಕ್ಕೆ ಲಿಪೋಸೋಮ್ ಸಾರ. ಎರಡರಲ್ಲೂ ಇಜಿಸಿಜಿ ಅಷ್ಟೇ ಇರಬೇಕು, ಇಲ್ಲದಿದ್ದರೆ ಮೇಡಂ ಬೈಯುತ್ತಾರೆ. 40 ಡಿಗ್ರಿಯಲ್ಲಿ ಒಂದು ಜೋಡಿ, ಕಿಟಕಿ ಬೆಳಕಿನಲ್ಲಿ ಒಂದು ಜೋಡಿ, ಫ್ರಿಜ್‌ನಲ್ಲಿ ಒಂದು ಜೋಡಿ. ಸರಿ ಇದೆಯಾ?

ಲೆಕ್ಕದವಳು

ಬೈಯುವುದಿಲ್ಲ ಮಾರಾಯ್ರೇ. ಸರಿ ಇದೆ, ಎರಡು ಬಾಟಲಿ ಸೇರಿಸಿ. ಒಂದರಲ್ಲಿ ಸಾರವೇ ಇಲ್ಲದ ಜೆಲ್, ಇನ್ನೊಂದರಲ್ಲಿ ಖಾಲಿ ಲಿಪೋಸೋಮ್ ಹಾಕಿದ ಜೆಲ್. ಲೆಸಿತಿನ್ ತಾನೇ 40 ಡಿಗ್ರಿಯಲ್ಲಿ ಹಳದಿಗೆ ತಿರುಗುತ್ತದೆ. ಖಾಲಿಯದ್ದು ಪಕ್ಕದಲ್ಲಿ ಇಲ್ಲದಿದ್ದರೆ ಆ ಹಳದಿಯನ್ನು ಗ್ರೀನ್ ಟೀ ತಲೆಗೆ ಕಟ್ಟುತ್ತೀರಿ. ಬೆಳಕಿನ ಜೋಡಿಯನ್ನು ಮಾತ್ರ ಪಾರದರ್ಶಕ ಬಾಟಲಿಯಲ್ಲೇ ಇಡಿ, ಪಂಪ್‌ನಲ್ಲಿ ಇಟ್ಟರೆ ಬೆಳಕು ಒಳಗೆ ಹೋಗುವುದಿಲ್ಲ. ಸಾಮಗ್ರಿ ಕೊಡುವವರನ್ನು ಖಾಲಿ ಲಿಪೋಸೋಮ್ ಕೇಳಿ, ಸ್ಯಾಂಪಲ್ ಆಗಿ ಕೊಡುತ್ತಾರೆ.

ಚಿಗುರು

ಕೇಳಿದೆ. ಕೊಡುತ್ತೇವೆ ಅಂದರು. ಅದರಲ್ಲಿ ಯಾವ ಪ್ರಿಸರ್ವೇಟಿವ್ ಇದೆ ಅಂತಲೂ ಕೇಳಿದೆ, ಫಿನಾಕ್ಸಿಎಥನಾಲ್ ಅಂತೆ. ನನ್ನ ಜೆಲ್‌ನಲ್ಲಿ ಇರುವುದರ ಜೊತೆ ಕೂಡಿಸಿ ಮಿತಿ ದಾಟದಂತೆ ನೋಡಬೇಕು, ಅಲ್ವಾ?

ಎಣ್ಣೆ ನೀರು

ಹೌದು, ಒಟ್ಟು ಶೇಕಡಾ 1 ದಾಟಬಾರದು. ಲಿಪೋಸೋಮ್ ಅನ್ನು ಕೊನೆಯಲ್ಲಿ, ಜೆಲ್ 40 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಹಾಕಿ. ಹೋಮೋಜಿನೈಸರ್ ಆಫ್ ಮಾಡಿ, ಪ್ಯಾಡಲ್‌ನಲ್ಲಿ ನಿಧಾನವಾಗಿ ಕಲಸಿ.